ವ್ಹೀಲ್‌ಚೇರ್ ಕುಶನ್ ಕೊಳ್ಳುವ ಮುನ್ನ ಇದನ್ನು ಓದಿ: ಕೌದಿ ಮಡಚಿ ಹಾಕಿದರೆ ಹುಣ್ಣು ತಪ್ಪದು

ಬಾಗಲಕೋಟೆ: ‘ದುಡ್ಡು ಕೊಟ್ಟು ಯಾಕ ತರೋದು, ಒಂದು ಕೌದಿ ಮಡಚಿ ಹಾಕಿದ್ರ ಸಾಕಲ್ಲ?’ ವ್ಹೀಲ್‌ಚೇರ್ ಬಳಸುವವರ ಮನೆಗಳಲ್ಲಿ ಇದು ಸಾಮಾನ್ಯ ಮಾತು. ಆದರೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರಿಗೆ ಕೌದಿಯ ಮಡಿಕೆ, ಹೊಲಿಗೆಯ ಗಂಟು ಒತ್ತಿದ್ದು ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಹುಣ್ಣು ಎಲುಬಿನವರೆಗೆ ಇಳಿದಿರಬಹುದು. ನಂಜೇರಿದರೆ ಜೀವಕ್ಕೇ ಅಪಾಯ.

ಹುಣ್ಣು ಆಗೋದು ಹೇಗೆ?

ಕುಳಿತಾಗ ಮೈಭಾರ ಹೆಚ್ಚಾಗಿ ಕುಂಡಿಯ ಎರಡು ಎಲುಬು ಮತ್ತು ಬಾಲದೆಲುಬಿನ ಭಾಗದ ಮೇಲೆ ಬೀಳುತ್ತದೆ. ಅಲ್ಲಿನ ಚರ್ಮಕ್ಕೆ ರಕ್ತ ಹರಿಯದೆ ಒಳಗಿನ ಮಾಂಸ ಕೊಳೆಯತೊಡಗುತ್ತದೆ. ಬೇಸಿಗೆಯ ಬೆವರು, ಮೂತ್ರದ ಒದ್ದೆ ಸೇರಿದರೆ ಇನ್ನೂ ಬೇಗ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಬಿಸಿಲಲ್ಲಿ ದಿನವಿಡೀ ಅಂಗಡಿಯಲ್ಲಿ ಕೂರುವವರು ಇದನ್ನು ಮರೆಯುವಂತಿಲ್ಲ.

ಯಾವ ಕುಶನ್?

* ಫೋಮ್: ಹಗುರ, ಅಗ್ಗ. ಕೂತಾಗ ತಳ ತಾಗದಂಥ ಗಟ್ಟಿ ಫೋಮ್ ಇರಲಿ. ದಿನ ಕಳೆದಂತೆ ಚಪ್ಪಟೆಯಾಗುತ್ತದೆ, ಆಗ ಬದಲಿಸಲೇಬೇಕು.
* ಜೆಲ್: ಭಾರ ಹಂಚುತ್ತದೆ, ಆದರೆ ತೂಕ ಹೆಚ್ಚು. ಸೋರಿಕೆ ನೋಡಬೇಕು, ಬಿಸಿಲಲ್ಲಿ ಬಿಡಬಾರದು.
* ಗಾಳಿ ಕುಶನ್: ಹುಣ್ಣಿನ ಅಪಾಯ ಹೆಚ್ಚಿರುವವರಿಗೆ ಒಳ್ಳೆಯದು. ಗಾಳಿ ಹೆಚ್ಚಾದರೂ ಕಡಿಮೆಯಾದರೂ ಕೆಲಸಕ್ಕೆ ಬಾರದು. ದಿನಾ ಪರೀಕ್ಷಿಸಬೇಕು.

ನಡುವೆ ತೂತಿರುವ ರಿಂಗ್ ಕುಶನ್ ಬೇಡ. ಅದು ಸುತ್ತಲಿನ ಚರ್ಮವನ್ನು ಒತ್ತಿ ರಕ್ತ ಸಂಚಾರವನ್ನೇ ತಡೆಯುತ್ತದೆ. ಮೆಡಿಕಲ್ ಅಂಗಡಿಯವರೂ ಇದನ್ನು ಗಿರಾಕಿಗೆ ತಿಳಿಸಬೇಕು.

ಸರಿ ಇದೆಯೇ, ನೋಡೋದು ಹೇಗೆ?

ಕುಶನ್ ಸೀಟಿನ ಅಳತೆಗೇ ಇರಲಿ. ಕೂತ ಮೇಲೆ ಕುಶನ್ ಕೆಳಗೆ ಅಂಗೈ ಮೇಲ್ಮುಖವಾಗಿ ತೂರಿಸಿ. ಕುಂಡಿ ಎಲುಬು ಕೈಗೆ ಗಟ್ಟಿಯಾಗಿ ತಾಗಿದರೆ ಆ ಕುಶನ್ ಸಾಲದು. ಕುಶನ್ ದಪ್ಪವಾದಷ್ಟೂ ಕೂರುವ ಎತ್ತರ ಹೆಚ್ಚುತ್ತದೆ. ಪಾದಗಳು ತೂಗಾಡದಂತೆ ಫುಟ್‌ರೆಸ್ಟ್ ಹೊಂದಿಸಿ. ಕವರ್ ಗಾಳಿಯಾಡುವ ಬಟ್ಟೆಯದಿರಲಿ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಬೇಡಿ. ಬಸ್ಸು, ಟಂಟಂ ಹತ್ತಿದಾಗಲೂ ಕುಶನ್ ಜೊತೆಗಿರಲಿ.

ಕುಶನ್ ಒಂದೇ ಸಾಲದು

ಎಷ್ಟೇ ಬೆಲೆಯ ಕುಶನ್ ಇದ್ದರೂ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ, ಒಂದೆರಡು ನಿಮಿಷ ಭಾರ ಇಳಿಸಬೇಕು. ಬೆಳಗ್ಗೆ, ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಿ, ಇಲ್ಲವೇ ಮನೆಯವರಿಂದ ನೋಡಿಸಿ. ಕೆಂಪಾದ ಅಥವಾ ಕಪ್ಪಾದ ಕಲೆ ಅರ್ಧ ಗಂಟೆಯಾದರೂ ಹೋಗದಿದ್ದರೆ, ಆ ಜಾಗ ಬಿಸಿ ಅಥವಾ ಗಟ್ಟಿ ಎನಿಸಿದರೆ, ಅದರ ಮೇಲೆ ಕೂರುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಆ ಜಾಗವನ್ನು ತಿಕ್ಕಬೇಡಿ.

ಎಲ್ಲಿ ಕೇಳಬೇಕು?

ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಅರ್ಹರಿಗೆ ಸಾಧನ-ಸಲಕರಣೆ ಸಿಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಯುಡಿಐಡಿ ಕಾರ್ಡ್ ಜೊತೆಗಿರಲಿ. ವ್ಹೀಲ್‌ಚೇರ್‌ಗೆ ಅರ್ಜಿ ಕೊಡುವಾಗಲೇ ಕುಶನ್ ಸಿಗುತ್ತದೆಯೇ ಎಂದು ಕೇಳಿ. ಈಗಾಗಲೇ ಹುಣ್ಣಾಗಿದ್ದವರು ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಸಲಹೆ ಇಲ್ಲದೆ ಕುಶನ್ ಕೊಳ್ಳದಿರುವುದು ಒಳ್ಳೆಯದು.