ಸವ್ಯಸಾಚಿ ಮಲ್ಲನ ಹೊಟ್ಟೆಯೊಳಗಿನ ಹುಣ್ಣು

2017ರ ನವೆಂಬರ್ 4. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣ ಕಿಕ್ಕಿರಿದಿತ್ತು. ನಾಲ್ಕು ವರ್ಷ ಅಖಾಡದಿಂದ ದೂರವಿದ್ದ 36ರ ಹರೆಯದ ಕೆನಡಾದ ಜಾರ್ಜ್ ಸೇಂಟ್ ಪಿಯರ್, ತಮಗಿಂತ ಮೇಲಿನ ತೂಕದ ವರ್ಗದ ಚಾಂಪಿಯನ್ ಮೈಕೆಲ್ ಬಿಸ್ಪಿಂಗ್ ಅವರನ್ನು ಎದುರಿಸಿದ್ದರು. ಮೂರನೇ ಸುತ್ತಿನಲ್ಲಿ ಹಿಂದಿನಿಂದ ಕುತ್ತಿಗೆಗೆ ತೋಳು ಬಿಗಿದು ಮಣಿಸಿಯೇಬಿಟ್ಟರು. ಎರಡನೇ ತೂಕದ ವರ್ಗದಲ್ಲೂ ಕಿರೀಟ ಅವರದಾಯಿತು.

ಆದರೆ ಕೇವಲ ಒಂದು ತಿಂಗಳ ಆಸುಪಾಸಿನಲ್ಲಿ ಆ ಕಿರೀಟವನ್ನು ಅವರು ತಾವಾಗಿಯೇ ಕೆಳಗಿಟ್ಟರು. ಅವರನ್ನು ಹಿಮ್ಮೆಟ್ಟಿಸಿದ್ದು ಎದುರಾಳಿಯ ಗುದ್ದಲ್ಲ; ದೊಡ್ಡ ಕರುಳಿನ ಒಳಪದರದಲ್ಲಾಗಿದ್ದ ಹುಣ್ಣು. ವೈದ್ಯರು ಇದನ್ನು 'ಅಲ್ಸರೇಟಿವ್ ಕೊಲೈಟಿಸ್' ಎನ್ನುತ್ತಾರೆ. ಉಕ್ಕಿನಂತಹ ಮೈಕಟ್ಟಿನ ಮನುಷ್ಯನಿಗೆ ಇಂತಹ ಕಾಯಿಲೆಯೇ ಎಂದು ನೀವು ಹುಬ್ಬೇರಿಸಬಹುದು. ಅವರ ಕಥೆ ಓದಿದರೆ ನಮ್ಮ ನಿಮ್ಮ ಮನೆಗೂ ಬೇಕಾದ ಪಾಠ ಅದರಲ್ಲಿ ಸಿಗುತ್ತದೆ.

ಏಟು ತಿಂದ ಹುಡುಗ

ಸೇಂಟ್ ಪಿಯರ್ ಹುಟ್ಟಿದ್ದು 1981ರಲ್ಲಿ, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ಇಸಿಡೋರ್ ಎಂಬ ಊರಿನಲ್ಲಿ. ಶಾಲೆಯಲ್ಲಿ ದೊಡ್ಡ ಹುಡುಗರು ಈ ಬಾಲಕನನ್ನು ಹೊಡೆದು ಹಣ, ಬಟ್ಟೆ ಕಿತ್ತುಕೊಳ್ಳುತ್ತಿದ್ದರು. ಏಳನೇ ವಯಸ್ಸಿನಲ್ಲಿ ತಂದೆಯೇ ಮಗನಿಗೆ ಕರಾಟೆಯ ಮೊದಲ ಪಾಠ ಹೇಳಿಕೊಟ್ಟರು. ಮುಂದೆ ಕುಸ್ತಿ, ಬಾಕ್ಸಿಂಗ್, ಕೀಲುಗಳಿಗೆ ಪಟ್ಟು ಹಾಕುವ ಬ್ರೆಜಿಲ್‌ನ ಜುಜುತ್ಸು, ದೇಹದ ಹತೋಟಿಗಾಗಿ ಜಿಮ್ನಾಸ್ಟಿಕ್ಸ್ ಹೀಗೆ ಒಂದೊಂದೇ ವಿದ್ಯೆ ಜೊತೆಗೂಡಿತು. ಖರ್ಚಿಗೆ ಹಣ ಬೇಕಾದಾಗ ಕಸ ಸಾಗಿಸುವ ಕೆಲಸ ಮಾಡಿದರು. ಮಾಂಟ್ರಿಯಲ್‌ನ ನೈಟ್ ಕ್ಲಬ್ಬಿನ ಬಾಗಿಲು ಕಾಯ್ದರು.

ಮಿಶ್ರ ಸಮರಕಲೆಯಲ್ಲಿ ನಿಂತು ಗುದ್ದಬಹುದು, ಒದೆಯಬಹುದು, ಎತ್ತಿ ಕೆಡವಬಹುದು, ನೆಲದ ಮೇಲೆ ಪಟ್ಟು ಹಾಕಲೂಬಹುದು. ಒಂದೇ ವಿದ್ಯೆ ಬಲ್ಲವನು ಇಲ್ಲಿ ಹೆಚ್ಚು ಕಾಲ ನಿಲ್ಲಲಾರ. ಶಾಲಾ ದಿನಗಳಲ್ಲಿ ಕುಸ್ತಿಯ ಸ್ಪರ್ಧೆಗಳಿಗೇ ಇಳಿಯದಿದ್ದ ಸೇಂಟ್ ಪಿಯರ್, ಮಾಂಟ್ರಿಯಲ್‌ನಲ್ಲಿ ಕೆನಡಾದ ರಾಷ್ಟ್ರೀಯ ಮಟ್ಟದ ಕುಸ್ತಿಪಟುಗಳೊಡನೆ ಬೆವರು ಹರಿಸಿ, ಹುಟ್ಟು ಕುಸ್ತಿಪಟುಗಳನ್ನೇ ಕೆಡವುವಷ್ಟು ಪಳಗಿದರು. ಸವ್ಯಸಾಚಿ ಎಂಬ ಮಾತು ಅವರಿಗೆ ಒಪ್ಪುತ್ತದೆ.

ಇಟ್ಟಿಗೆಯ ಮೇಲಿನ ಹೆಸರು

2002ರಲ್ಲಿ ವೃತ್ತಿಪರರಾದ ಅವರು 2004ರಲ್ಲಿ ಅಮೆರಿಕದ ಯುಎಫ್‌ಸಿ ಅಖಾಡಕ್ಕಿಳಿದರು. ಅದೇ ವರ್ಷ ಪ್ರಶಸ್ತಿ ಪಂದ್ಯದಲ್ಲಿ ಮ್ಯಾಟ್ ಹ್ಯೂಸ್ ಎದುರು, ಮೊದಲ ಸುತ್ತು ಮುಗಿಯಲು ಒಂದೇ ಸೆಕೆಂಡು ಇದ್ದಾಗ ತೋಳಿನ ಪಟ್ಟಿಗೆ ಸಿಕ್ಕಿ ಸೋತರು. 2006ರಲ್ಲಿ ಅದೇ ಹ್ಯೂಸ್ ಅವರನ್ನು ಸೋಲಿಸಿ ಚಾಂಪಿಯನ್ ಆದರು. ಆದರೆ 2007ರ ಏಪ್ರಿಲ್‌ನಲ್ಲಿ, ಗೆಲ್ಲಬಹುದೆಂದು ಯಾರೂ ನೆನೆಸಿರದ ಮ್ಯಾಟ್ ಸೆರ್ರಾ ಮೊದಲ ಸುತ್ತಿನಲ್ಲೇ ಇವರನ್ನು ಕೆಡವಿದರು.

ಈ ಸೋಲು ಮೈಗಿಂತ ಮನಸ್ಸಿಗೆ ಹೆಚ್ಚು ತಗುಲಿತು. ಆಗ ಕ್ರೀಡಾ ಮನಶ್ಶಾಸ್ತ್ರಜ್ಞರೊಬ್ಬರು ಒಂದು ಉಪಾಯ ಹೇಳಿದರು. ಇಟ್ಟಿಗೆಯ ಮೇಲೆ ಸೆರ್ರಾ ಹೆಸರು ಬರೆದು, ಸೋಲನ್ನು ಮರೆಯಲು ಸಿದ್ಧನಾದಾಗ ಅದನ್ನು ನದಿಗೆ ಎಸೆ ಎಂದರು. ಸೇಂಟ್ ಪಿಯರ್ ಹಾಗೆಯೇ ಮಾಡಿದರು. 2008ರಲ್ಲಿ ತವರು ನೆಲವಾದ ಮಾಂಟ್ರಿಯಲ್‌ನಲ್ಲೇ ಸೆರ್ರಾ ಅವರನ್ನು ಸೋಲಿಸಿ ಪ್ರಶಸ್ತಿ ಮರಳಿ ಪಡೆದರು. ಅಲ್ಲಿಂದ 2013ರವರೆಗೆ ಸತತ ಒಂಬತ್ತು ಬಾರಿ ಅದನ್ನು ಉಳಿಸಿಕೊಂಡರು.

ಮೊಣಕಾಲು, ಆಮೇಲೆ ಮನಸ್ಸು

ಇದೇ ಅವಧಿಯಲ್ಲಿ, 2011ರ ಡಿಸೆಂಬರ್‌ನಲ್ಲಿ, ಅವರ ಬಲ ಮೊಣಕಾಲಿನ ಮುಖ್ಯ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆಯ ನಂತರ ಸುಮಾರು 11 ತಿಂಗಳು ಪಂದ್ಯದಿಂದ ದೂರ ಉಳಿದರು. ಹೊಸದಾಗಿ ಜೋಡಿಸಿದ ರಜ್ಜು ಗಟ್ಟಿಯಾಗಲು, ತೊಡೆಯ ಸ್ನಾಯುಗಳು ಮೊದಲಿನ ಬಲ ಪಡೆಯಲು ಇಷ್ಟು ಕಾಲ ಬೇಕೇಬೇಕು. ಶಾಲೆಯ ಕಬಡ್ಡಿಯಲ್ಲೋ ಫುಟ್ಬಾಲಿನಲ್ಲೋ ಮೊಣಕಾಲು ಹೊರಳಿ ಊದಿಕೊಂಡ ಮಗುವಿಗೆ ಎಣ್ಣೆ ತಿಕ್ಕಿ ವಾರದೊಳಗೆ ಮೈದಾನಕ್ಕೆ ಕಳಿಸುವ ತಂದೆ ತಾಯಿಯರು ಇದನ್ನು ನೆನಪಿಡಬೇಕು.

2013ರ ಕೊನೆಯಲ್ಲಿ ಅವರು ಕಿರೀಟ ಬಿಟ್ಟುಕೊಟ್ಟು ವಿರಾಮ ಪಡೆದರು. ನಿದ್ರೆ ಬಾರದಿರುವುದು, ಆತಂಕ, ಒಂದೇ ವಿಚಾರ ಮತ್ತೆ ಮತ್ತೆ ತಲೆಯಲ್ಲಿ ಸುತ್ತುವ ಗೀಳು ತಮ್ಮನ್ನು ಕಾಡಿದ್ದನ್ನು ಮುಂದೆ ಅವರೇ ಹೇಳಿಕೊಂಡರು. ಮೈಯಲ್ಲಿ ಬಲವಿದ್ದವನು ಮನಸ್ಸಿನ ನೋವನ್ನು ಬಾಯಿಬಿಟ್ಟು ಹೇಳಿದರೆ ಅದು ಹೇಡಿತನವಲ್ಲ.

ಕರುಳಿನ ದೂರು

2017ರ ಆ ಪಂದ್ಯಕ್ಕಾಗಿ ಅವರು 77 ಕಿಲೋ ವರ್ಗದಿಂದ 84 ಕಿಲೋ ವರ್ಗಕ್ಕೆ ಏರಬೇಕಿತ್ತು. ಹಸಿವಿರಲಿ ಬಿಡಲಿ, ಬಲವಂತವಾಗಿ ತಿಂದರು. ಹೊಟ್ಟೆನೋವು, ವಾಂತಿ ಕಾಣಿಸಿಕೊಂಡಾಗ ಅತಿಯಾಗಿ ತಿಂದದ್ದೇ ಕಾರಣವಿರಬೇಕು ಎಂದುಕೊಂಡರು. ರೋಗದ ಹೆಸರು ತಿಳಿದದ್ದು ಪಂದ್ಯ ಮುಗಿದ ಮೇಲೆ. ದೇಹದ ದೂರಿಗೆ ಸುಲಭದ ಕಾರಣವೊಂದನ್ನು ಹಚ್ಚಿ ಸುಮ್ಮನಾಗುವುದು ಮನುಷ್ಯ ಸ್ವಭಾವ.

ನಮ್ಮಲ್ಲಿ ನಡೆಯುವುದೂ ಇದೇ. ಮಲದಲ್ಲಿ ರಕ್ತ ಕಂಡರೆ 'ಮೈಗೆ ಉಷ್ಣವಾಗಿದೆ' ಎಂದು ಎಳನೀರು ಕುಡಿಯುತ್ತೇವೆ. ಇಲ್ಲವೇ ಮೂಲವ್ಯಾಧಿ ಎಂದು ನಾಚಿಕೆಯಿಂದ ಮುಚ್ಚಿಡುತ್ತೇವೆ. ಆಮಶಂಕೆ ಎಂದು ಅಂಗಡಿಯಿಂದ ಮಾತ್ರೆ ತಂದು ನುಂಗುತ್ತೇವೆ. ಹೀಗೆ ತಿಂಗಳುಗಳು ಉರುಳುತ್ತವೆ, ಕರುಳಿನ ಹುಣ್ಣು ಹರಡುತ್ತದೆ.

ನಮ್ಮ ರೋಗನಿರೋಧಕ ವ್ಯವಸ್ಥೆ ಹಾದಿ ತಪ್ಪಿ ಕರುಳಿನಲ್ಲಿ ಉರಿಯೂತ ಉಂಟುಮಾಡುವುದೇ ಈ ಕಾಯಿಲೆಯ ಮೂಲ. ಸಾಮಾನ್ಯವಾಗಿ ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಹೆಚ್ಚಾಗಿ 15ರಿಂದ 30ರ ಹರೆಯದಲ್ಲಿ ತಲೆದೋರಿದರೂ ಯಾವ ವಯಸ್ಸಿನವರಿಗೂ ಬರಬಹುದು. ಇದು ಅಂಟುರೋಗವಲ್ಲ. ಮಾನಸಿಕ ಒತ್ತಡ ಇದಕ್ಕೆ ಮೂಲ ಕಾರಣವಲ್ಲವಾದರೂ ಇದ್ದ ರೋಗವನ್ನು ಕೆರಳಿಸಬಲ್ಲದು.

ಗಮನಿಸಬೇಕಾದ ಲಕ್ಷಣಗಳು

* ವಾರಗಟ್ಟಲೆ ನಿಲ್ಲದ ಭೇದಿ, ಮಲದೊಡನೆ ರಕ್ತ ಅಥವಾ ಲೋಳೆ
* ತಡೆಯಲಾಗದ ಅವಸರ, ರಾತ್ರಿ ಎಚ್ಚರವಾಗಿ ಶೌಚಕ್ಕೆ ಓಡುವುದು
* ಹೊಟ್ಟೆ ಹಿಂಡಿದಂತಹ ನೋವು
* ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಆಯಾಸ

ಇವುಗಳಲ್ಲಿ ಯಾವುದು ಕಂಡರೂ ವೈದ್ಯರ ಬಳಿಗೆ ಹೋಗಿ. ಮಲಪರೀಕ್ಷೆ ಮಾಡಿಸಿ, ಕೊಳವೆಯ ಮೂಲಕ ದೊಡ್ಡ ಕರುಳಿನ ಒಳಗನ್ನು ನೋಡಿ, ಚೂರು ಅಂಗಾಂಶ ತೆಗೆದು ಪರೀಕ್ಷಿಸಿದರೆ ರೋಗ ಖಚಿತವಾಗುತ್ತದೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇಂತಹುದೇ ತೊಂದರೆ ಕೊಡುವುದರಿಂದ ಊಹೆಯ ಔಷಧಿ ಅಪಾಯಕಾರಿ. ಮೆಸಲಮೈನ್‌ನಂತಹ ಮಾತ್ರೆ, ಅಗತ್ಯವಿದ್ದರೆ ಸ್ಟೀರಾಯ್ಡ್, ಇತರ ಹೊಸ ಔಷಧಿಗಳಿಂದ ಬಹಳ ಜನ ರೋಗವನ್ನು ಹತೋಟಿಯಲ್ಲಿಟ್ಟುಕೊಂಡು ಎಂದಿನಂತೆ ಬಾಳುತ್ತಾರೆ. ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಗುಣ ಕಂಡಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಬಹುಕಾಲ ಉಳಿದ ರೋಗ ಕರುಳಿನ ಕ್ಯಾನ್ಸರಿನ ಸಂಭವ ಹೆಚ್ಚಿಸುವುದರಿಂದ, ವೈದ್ಯರು ಹೇಳಿದಾಗ ತಪಾಸಣೆ ತಪ್ಪಿಸಬೇಡಿ.

ದಿನದ ಕೆಲವೇ ಗಂಟೆ ಉಂಡು ಉಳಿದ ಹೊತ್ತು ಉಪವಾಸವಿರುವ ಕ್ರಮದಿಂದ ತಮಗೆ ಗುಣ ಕಂಡಿತೆಂದು ಸೇಂಟ್ ಪಿಯರ್ ಹೇಳಿದ್ದಾರೆ. ಅದು ಅವರೊಬ್ಬರ ಅನುಭವ. ತೂಕ ಕಳೆದುಕೊಂಡವರಿಗೆ, ಗರ್ಭಿಣಿಯರಿಗೆ, ಮಧುಮೇಹಿಗಳಿಗೆ ಉಪವಾಸವೇ ಕೆಡುಕಾಗಬಹುದು. ವೈದ್ಯರನ್ನು ಕೇಳದೆ ಅನುಕರಿಸಬೇಡಿ.

2019ರ ಫೆಬ್ರವರಿಯಲ್ಲಿ ಅವರು ನಿವೃತ್ತಿ ಘೋಷಿಸಿದರು. ಒಟ್ಟು 28 ಪಂದ್ಯಗಳಲ್ಲಿ 26 ಗೆಲುವು, ಎರಡೇ ಸೋಲು. ಆ ಇಬ್ಬರನ್ನೂ ಮತ್ತೆ ಸೋಲಿಸಿಯೇ ಬಿಟ್ಟಿದ್ದರು. ಗುದ್ದು, ಒದೆ, ಪಟ್ಟುಗಳ ಜೊತೆಗೆ ಯಾವಾಗ ನಿಲ್ಲಬೇಕೆಂಬ ವಿದ್ಯೆಯನ್ನೂ ಅವರು ಕಲಿತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಊಟ ಬಲ್ಲವರಿಗೂ ಕೆಲವೊಮ್ಮೆ ರೋಗ ಬರುತ್ತದೆ. ಬಂದಾಗ ನಾಚಿಕೆ ಬಿಟ್ಟು ಹೇಳಿಕೊಂಡರೆ ಅರ್ಧ ಗೆದ್ದಂತೆ.