ಎರಡು ಫೋಟೋ ಒಂದಾಗುವಾಗ

ಬೀರುವಿನ ಮೂಲೆಯಲ್ಲಿ ಹಳೆಯ ಫೋಟೋಗಳ ಕವರು ಇಲ್ಲದ ಮನೆ ಇದೆಯೇ ಸೋದರಿಯರೇ? ಅದನ್ನು ಬಿಚ್ಚಿಕೊಂಡು ಕೂತರೆ ಒಲೆಯ ಮೇಲಿನ ಹಾಲೂ ಮರೆತುಹೋಗುತ್ತದೆ! ಆದರೆ ಪ್ರತಿ ಮನೆಯ ಕವರಿನಲ್ಲೂ ಒಂದು ಕೊರತೆ ಇದ್ದೇ ಇರುತ್ತದೆ. ಮದುವೆಯ ಗುಂಪಿನ ಫೋಟೋದಲ್ಲಿ, ಅಡಿಗೆಮನೆಯಲ್ಲೇ ಉಳಿದ ಚಿಕ್ಕಮ್ಮ ಇರುವುದಿಲ್ಲ. ನಾಮಕರಣದ ಫೋಟೋದಲ್ಲಿ ಎಲ್ಲರೂ ಇರುತ್ತಾರೆ, ಫೋಟೋ ತೆಗೆದವರೇ ಇರುವುದಿಲ್ಲ. ಗಂಡ ಹೆಂಡತಿ ಜೊತೆಯಾಗಿರುವ ಒಂದೇ ಒಂದು ಫೋಟೋ ಕೂಡ ಎಷ್ಟೋ ಹಿರಿಯರ ಮನೆಗಳಲ್ಲಿ ಸಿಗುವುದಿಲ್ಲ. ಈ ಕೊರತೆಯನ್ನು ತುಂಬುವ ವಿದ್ಯೆಯನ್ನು ಮನೆಯಲ್ಲೇ ಕೂತು ಕಲಿಯಬಹುದು. ಹೈಸ್ಕೂಲು ಮಾತ್ರ ಓದಿದ ನಾನು ಕಲಿತಿದ್ದೇನೆ ಅಂದಮೇಲೆ ನಿಮಗೇನು ಕಷ್ಟ?

ಹಳೆಯ ವಿದ್ಯೆಯೇ!

ಫೋಟೋ ಕೂಡಿಸುವುದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. 1857ರಲ್ಲೇ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಎಂಬುವರು ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ದರು. ಮರುವರ್ಷ ಹೆನ್ರಿ ಪೀಚ್ ರಾಬಿನ್‌ಸನ್ ಎಂಬುವರು ಐದು ನೆಗೆಟಿವ್ ಕೂಡಿಸಿ, ಸಾವಿನ ಹಾಸಿಗೆಯಲ್ಲಿರುವ ಹುಡುಗಿಯ ಚಿತ್ರ ಮಾಡಿದರು. ನಿಜವಾಗಿ ಆ ಹುಡುಗಿ ಆರೋಗ್ಯವಾಗಿಯೇ ಇದ್ದಳು! ನಮ್ಮ ಊರುಗಳ ಸ್ಟುಡಿಯೋದವರೂ ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ, ಮತ್ತೊಮ್ಮೆ ಫೋಟೋ ತೆಗೆದು, ಕುಂಚದಿಂದ ಅಂಚು ತಿದ್ದಿ ಕೊಡುತ್ತಿದ್ದರು.

1990ರಲ್ಲಿ ಫೋಟೋಶಾಪ್ ಬಂತು. ಅದರಲ್ಲಿ 1994ರಿಂದ ‘ಲೇಯರ್’ ಅಂದರೆ ಪದರಗಳ ಅನುಕೂಲ ಸೇರಿತು. ಅದಕ್ಕೆ ದುಡ್ಡು ಕೊಡಬೇಕು. ‘ಗಿಂಪ್’ ಎಂಬ ಇನ್ನೊಂದು ತಂತ್ರಾಂಶ ಪೂರ್ತಿ ಉಚಿತ. ಅಮೆರಿಕದ ಇಬ್ಬರು ವಿದ್ಯಾರ್ಥಿಗಳು 1990ರ ದಶಕದ ನಡುವೆ ಶುರುಮಾಡಿದ್ದು. ಮಕ್ಕಳ ಹಳೆಯ ಕಂಪ್ಯೂಟರ್ ಮನೆಯಲ್ಲಿದ್ದರೆ ಅದರಲ್ಲೇ ಕಲಿಯಬಹುದು.

ಗಾಜಿನ ಮೇಲೆ ಗಾಜು

ಪದರ ಎಂದರೇನು? ಒಂದು ಗಾಜಿನ ಹಾಳೆಯ ಮೇಲೆ ತೋಟದ ಚಿತ್ರ, ಅದರ ಮೇಲಿಟ್ಟ ಇನ್ನೊಂದು ಗಾಜಿನ ಮೇಲೆ ಮನುಷ್ಯನ ಚಿತ್ರ ಇದೆ ಅಂದುಕೊಳ್ಳಿ. ಮೇಲಿಂದ ನೋಡಿದರೆ ಆತ ತೋಟದಲ್ಲೇ ನಿಂತ ಹಾಗೆ ಕಾಣುತ್ತದೆ. ಮೇಲಿನ ಗಾಜನ್ನು ಸರಿಸಿದರೂ ಕೆಳಗಿನದು ಕೆಡುವುದಿಲ್ಲ. ಅಷ್ಟೇ ಗುಟ್ಟು!

ಮಾಡುವ ಕ್ರಮ ಹೀಗೆ:

1. ಹಳೆಯ ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಮುದ್ರಿಸಲು 300 ಸಾಕು. ಹಾಗಾಗಿ ಚಿಕ್ಕ ಫೋಟೋವನ್ನು ಎರಡರಷ್ಟು ಉದ್ದಗಲಕ್ಕೆ ಹಿಗ್ಗಿಸಿದರೂ ಮುಖ ಒಡೆಯುವುದಿಲ್ಲ.

2. ಹಿನ್ನೆಲೆಯ ಫೋಟೋವನ್ನು ಗಿಂಪ್‌ನಲ್ಲಿ ತೆರೆಯಿರಿ. ಸೇರಿಸಬೇಕಾದದ್ದನ್ನು ಫೈಲ್ ಮೆನುವಿನ ‘ಓಪನ್ ಆ್ಯಸ್ ಲೇಯರ್ಸ್’ನಿಂದ ತನ್ನಿ.

3. ಮೇಲಿನ ಪದರಕ್ಕೆ ಬಿಳಿಯ ‘ಲೇಯರ್ ಮಾಸ್ಕ್’ ಹಾಕಿ. ಮೆದು ಅಂಚಿನ ಬ್ರಷ್ ತೆಗೆದುಕೊಂಡು, ಬೇಡದ ಕಡೆ ಕಪ್ಪು ಬಣ್ಣ ಸವರಿ. ಕಪ್ಪು ಮರೆಮಾಡುತ್ತದೆ, ಬಿಳಿ ತೋರಿಸುತ್ತದೆ. ಕಿವಿಯ ತುದಿ ಹೋಯಿತೇ? ಅಲ್ಲಿಗೆ ಬಿಳಿ ಸವರಿದರೆ ವಾಪಸ್ಸು ಬರುತ್ತದೆ. ರಬ್ಬರಿನಿಂದ ಅಳಿಸುವುದಕ್ಕಿಂತ ಇದು ಮೇಲು.

4. ಇಬ್ಬರ ತಲೆಯ ಗಾತ್ರ ಹೊಂದಿಸಿ. ಪಕ್ಕಪಕ್ಕ ಕೂತವರಲ್ಲಿ ಒಬ್ಬರ ತಲೆ ತೆಂಗಿನಕಾಯಿಯಷ್ಟು, ಇನ್ನೊಬ್ಬರದು ನಿಂಬೆಹಣ್ಣಿನಷ್ಟು ಇರಬಾರದಲ್ಲ!

5. ಬಣ್ಣ ಹೊಂದದಿದ್ದರೆ ‘ಡಿಸ್ಯಾಚುರೇಟ್’ ಮಾಡಿ ಎರಡನ್ನೂ ಕಪ್ಪುಬಿಳುಪಾಗಿಸಿ. ಹೊಸಬರಿಗೆ ಇದೇ ಸುಲಭದ ದಾರಿ.

ಬೆಳಕು ಸುಳ್ಳು ಹೇಳುವುದಿಲ್ಲ

ಕತ್ತರಿಸುವುದನ್ನು ಯಾರಾದರೂ ಕಲಿಯುತ್ತಾರೆ. ಆದರೆ ಕೂಡಿಸಿದ ಫೋಟೋ ಎಲ್ಲೋ ಸರಿಯಿಲ್ಲ ಅನಿಸುವುದು ಬೆಳಕಿನಿಂದ. ಒಬ್ಬರ ಎಡಗೆನ್ನೆಗೆ ಬೆಳಕು, ಇನ್ನೊಬ್ಬರ ಬಲಗೆನ್ನೆಗೆ ಬೆಳಕು ಬಿದ್ದಿದ್ದರೆ, ಕಾರಣ ತಿಳಿಯದಿದ್ದರೂ ಕಣ್ಣು ಒಪ್ಪುವುದಿಲ್ಲ. ಚಿತ್ರವನ್ನು ಎಡಬಲ ತಿರುಗಿಸಿಬಿಡೋಣ ಅಂತೀರಾ? ಆಗ ಸೀರೆಯ ಸೆರಗು ಬಲಹೆಗಲಿಗೆ ಹೋಗುತ್ತದೆ, ಅಂಗಿಯ ಜೇಬು ಬಲಕ್ಕೆ ಬರುತ್ತದೆ. ಆದ್ದರಿಂದ ಮೊದಲೇ ನೋಡಿ ಆರಿಸಬೇಕು.

ನಮ್ಮ ಮಾವನವರು ತೀರಿಕೊಂಡದ್ದು 1988ರಲ್ಲಿ, ನಲವತ್ತರ ಆಸುಪಾಸಿನಲ್ಲಿ. ಉಳಿದಿದ್ದು ಯಾವುದೋ ಅರ್ಜಿಗೆ ಅಂತ ತೆಗೆಸಿದ ಒಂದು ಚಿಕ್ಕ ಫೋಟೋ ಮಾತ್ರ. ಅತ್ತೆಯವರ ಜೊತೆ ಅವರನ್ನು ಕೂರಿಸೋಣ ಅಂತ ನಾನು ಹೊರಟಾಗ, ನನ್ನ ಮಗ “ಅಜ್ಜೀ, ಫೋನಿನಲ್ಲಿ ನಿನ್ನನ್ನೂ ಚಿಕ್ಕವಳಾಗಿ ಮಾಡಿಬಿಡ್ತೀನಿ, ಜೋಡಿ ಸರಿಹೋಗುತ್ತೆ” ಅಂದ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಬೇಡ ಕಣಪ್ಪ. ಅವರು ಹೋದಮೇಲೆ ಮೂರು ಮಕ್ಕಳನ್ನು ಸಾಕಿದ ಮುಖ ಇದು. ಇದನ್ನು ಅಳಿಸಿದರೆ ಅವರಿಗೆ ನನ್ನ ಗುರುತು ಸಿಗುತ್ತೆ, ನನಗೇ ಸಿಗೋದಿಲ್ಲ.”

ಮಾವನವರ ಫೋಟೋದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿತ್ತು. ಅತ್ತೆಯವರನ್ನು ಪಡಸಾಲೆಯ ಕಿಟಕಿಯ ಹತ್ತಿರ, ಅದೇ ಕಡೆಯಿಂದ ಬೆಳಕು ಬೀಳುವಂತೆ ಕೂರಿಸಿ ಫೋಟೋ ತೆಗೆದು ಕೂಡಿಸಿದೆ. ಮಗನಿಗಿಂತ ಚಿಕ್ಕ ವಯಸ್ಸಿನ ಗಂಡ, ನರೆತ ತಲೆಯ ಹೆಂಡತಿ! ಬಂದವರು ಮೊದಲು ತಬ್ಬಿಬ್ಬಾಗುತ್ತಾರೆ, ಆಮೇಲೆ ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ. “ಇದಕ್ಕೆ ಹಾರ ಹಾಕಬೇಡಿ, ನಾನಿನ್ನೂ ಇದ್ದೀನಿ” ಅಂತ ಅತ್ತೆಯವರ ತಾಕೀತು.

ಇದರಿಂದ ನಾನು ತಿಳಿದದ್ದು ಇಷ್ಟು. ಯಾರ ಮುಖ ಮುಟ್ಟುತ್ತೇವೋ ಅವರನ್ನು ಮೊದಲು ಕೇಳಬೇಕು. ಅವರು ಇಲ್ಲದಿದ್ದರೆ ಅವರಿಗೆ ಹತ್ತಿರದವರನ್ನಾದರೂ ಕೇಳಬೇಕು.

ಅದೇ ಕತ್ತರಿ, ಕೆಟ್ಟ ಕೈ

ಈ ಮಾತು ಇನ್ನೊಂದು ಕಾರಣಕ್ಕೂ ಮುಖ್ಯ. ಹೆಣ್ಣುಮಕ್ಕಳ ಮುಖವನ್ನು ಕದ್ದು ಅಸಹ್ಯದ ಚಿತ್ರಕ್ಕೆ ಅಂಟಿಸುವವರೂ ಇದೇ ವಿದ್ಯೆ ಬಳಸುತ್ತಾರೆ. ನಿಮ್ಮ ಮನೆಯ ಹುಡುಗಿಗೆ ಹೀಗಾದರೆ “ನೀನು ಫೋಟೋ ಯಾಕೆ ಹಾಕಿದೆ?” ಅಂತ ದಯವಿಟ್ಟು ಬೈಯಬೇಡಿ. ಬೈಗುಳದ ಹೆದರಿಕೆಯಿಂದಲೇ ಮಕ್ಕಳು ಬಾಯಿ ಬಿಡದೆ ಕೊರಗುತ್ತಾರೆ. ಬಂದ ಸಂದೇಶ, ಚಿತ್ರ, ನಂಬರು ಯಾವುದನ್ನೂ ಅಳಿಸದೆ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಹಣ ಕೇಳಿದರೆ ಕೊಡಬೇಡಿ. ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಬರೆಯಿರಿ. ಅಶ್ಲೀಲ ಚಿತ್ರ ಹರಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲವೇ ಮೂರು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ವಿದ್ಯೆ ಕಲಿತ ತಾಯಿಗೆ ಒಂದು ಲಾಭವಿದೆ. ಕುತ್ತಿಗೆಯ ಅಂಚು, ಬೆಳಕು, ಬಣ್ಣ ನೋಡಿ “ಇದು ಕೂಡಿಸಿದ್ದು” ಅಂತ ನಾಲ್ಕು ಜನರ ಮುಂದೆ ಧೈರ್ಯವಾಗಿ ಹೇಳಬಲ್ಲಳು. ಈಚಿನ ಫೋಟೋಗಳಲ್ಲಿ ಅಂಚು ಕಾಣದೆಯೂ ಇರಬಹುದು. ಆಗಲೂ ಮಗಳ ಮಾತನ್ನೇ ಮೊದಲು ನಂಬಿ.

ಕೊನೆಗೆ ಎರಡು ಕಿವಿಮಾತು. ಕೆಲಸವನ್ನು ಗಿಂಪ್‌ನ ‘ಎಕ್ಸ್‌ಸಿಎಫ್’ ರೂಪದಲ್ಲಿ ಉಳಿಸಿ, ಪದರಗಳು ಹಾಗೇ ಇರುತ್ತವೆ. ಮುದ್ರಿಸಲು ‘ಜೆಪೆಗ್’ ಮಾಡಿಕೊಳ್ಳಿ. ಮೂಲ ಫೋಟೋ ಎಷ್ಟೇ ಹರಿದಿರಲಿ, ಎಸೆಯಬೇಡಿ. ಇನ್ನೊಂದು, ಕೂಡಿಸಿದ ಫೋಟೋದ ಹಿಂದೆ “ಎರಡು ಫೋಟೋ ಸೇರಿಸಿ ಮಾಡಿದ್ದು” ಅಂತ ಬರೆದು ಇಸವಿ ಹಾಕಿ. ಮುಂದೆ ಮೊಮ್ಮಕ್ಕಳು ಆ ಕವರು ಬಿಚ್ಚಿದಾಗ, ನಡೆದದ್ದು ಯಾವುದು, ನಾವು ಆಸೆಪಟ್ಟದ್ದು ಯಾವುದು ಅಂತ ಅವರಿಗೆ ತಿಳಿಯಬೇಕಲ್ಲವೇ?