ಹಿತ್ತಾಳೆ ತೂಕಕ್ಕೆ ಹಾಕುವ ಮುನ್ನ ಬಾಯಂಚು ನೋಡಿ

ಮೈಲಾಪೂರ್: ಕಪಾಲೀಶ್ವರ ದೇವಸ್ಥಾನದ ಸುತ್ತಮುತ್ತಲ ಹಳೆಯ ಮನೆಗಳು ಒಂದೊಂದಾಗಿ ಫ್ಲ್ಯಾಟುಗಳಾಗುತ್ತಿದ್ದಂತೆ ಅಟ್ಟದ ಮೇಲಿದ್ದ ಹಂಡೆ, ಬಿಂದಿಗೆ, ಕೊಳದಪ್ಪಲೆಗಳು ಕೆಳಗಿಳಿಯುತ್ತಿವೆ. ಕನ್ನಡದ ಮನೆಗಳಲ್ಲಿ ಇವು ಬಹುಪಾಲು ಹೆಣ್ಣುಮಕ್ಕಳ ಜೊತೆ ಊರಿನಿಂದ ಬಂದವು. ಹೊಸ ಅಡುಗೆಮನೆಯಲ್ಲಿ ಇವಕ್ಕೆ ಜಾಗವಿಲ್ಲ. ಕೊಟ್ಟು ಸ್ಟೀಲು ತರುವುದೋ, ಇಟ್ಟುಕೊಳ್ಳುವುದೋ ಎಂಬ ಚರ್ಚೆ ಮನೆಮನೆಯಲ್ಲೂ ಇದೆ. ತೊಡಕೆಂದರೆ ತಕ್ಕಡಿಗೆ ಒಳ್ಳೆಯ ಪಾತ್ರೆಯೂ ಕೆಟ್ಟ ಪಾತ್ರೆಯೂ ಒಂದೇ. ಇನ್ನೂ ಐವತ್ತು ವರ್ಷ ಬಾಳುವ ಬಿಂದಿಗೆ ಗುಜರಿಗೆ ಹೋಗುತ್ತದೆ, ಸೀಳಿದ್ದು ಅಟ್ಟಕ್ಕೆ ವಾಪಸಾಗುತ್ತದೆ.

ಚಿನ್ನಕ್ಕೆ ಒರೆಗಲ್ಲುಂಟು. ಹಿತ್ತಾಳೆಗೆ ಅಂಥದ್ದಿಲ್ಲ, ಆದರೆ ನೋಡುವ ಕ್ರಮವಿದೆ. ಅದನ್ನು ಜಗತ್ತಿಗೆ ಕಲಿಸಿದ್ದು ಅಡುಗೆ ಪಾತ್ರೆಯಲ್ಲ, ಬಂದೂಕಿನ ತೋಟಾ. ಅದೂ ನಮ್ಮ ದೇಶದ ಮಳೆಗಾಲದಲ್ಲಿ!

ರೈಫಲ್ ತೋಟಾದ ಕೊಳವೆ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆ. ಬಡಿದು, ಎಳೆದು ರೂಪ ಕೊಡಲು ಈ ಹದ ಬಹಳ ಅನುಕೂಲ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯ ಮಳೆಗಾಲಕ್ಕೆಂದು ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿತ್ತು. ಮಳೆ ಮುಗಿಯುವಷ್ಟರಲ್ಲಿ, ಒಂದೂ ಗುಂಡು ಹಾರಿಸದೆ, ಕೊಳವೆಗಳು ತಾವಾಗಿ ಬಿರಿದಿರುತ್ತಿದ್ದವು. ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಕಾರಣವನ್ನು ವಿವರಿಸಿದರು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಜೊತೆಗೆ ತಣ್ಣಗಿರುವಾಗಲೇ ಎಳೆದದ್ದರಿಂದ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿದರೆ ಬಿರುಕು. ಹದವಾಗಿ ಕಾಯಿಸಿ ಬಿಗಿತ ಇಳಿಸಿದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ವಿದೇಶಗಳಲ್ಲಿ ಗುರಿಕಾರರು ಬಳಸಿದ ಕೊಳವೆಗಳನ್ನು ಮತ್ತೆ ತುಂಬಿಸುವಾಗ ಹೊಳಪಿಗೆ ಬೆಲೆ ಕೊಡುವುದಿಲ್ಲ. ಕಂಠದಲ್ಲಿ ಸೀಳು ಇದೆಯೇ, ಬುಡದ ಸ್ವಲ್ಪ ಮೇಲೆ ಸುತ್ತಲೂ ಬೆಳ್ಳನೆಯ ಗೆರೆ ಮೂಡಿದೆಯೇ ಎಂದು ನೋಡುತ್ತಾರೆ. ಆ ಗೆರೆ ಇದ್ದರೆ ಒಳಗೆ ಲೋಹ ತೆಳುವಾಗಿದೆ ಎಂದು ಲೆಕ್ಕ. ಅಂಥದ್ದನ್ನು ಎಷ್ಟೇ ಚಂದವಿದ್ದರೂ ಎಸೆಯುತ್ತಾರೆ.

ಬಿಂದಿಗೆಯನ್ನೂ ಹಾಗೆಯೇ ನೋಡಬೇಕು. ತಗಡನ್ನು ಹೆಚ್ಚು ಬಗ್ಗಿಸಿದ ಜಾಗ ಯಾವುದು? ಮಡಿಸಿದ ಬಾಯಂಚು ಮತ್ತು ಕಂಠ. ಕೂದಲೆಳೆಯ ಸೀಳು ಅಲ್ಲೇ ಶುರುವಾಗುತ್ತದೆ. ಹುಣಸೆಹಣ್ಣು ಹಚ್ಚಿ ತೊಳೆದು, ಒಣಗಿಸಿ, ಬಿಸಿಲಿಗೆ ಹಿಡಿದು ಬೆರಳುಗುರು ಆಡಿಸಿದರೆ ಸಿಗುತ್ತದೆ. ಅಂಗಡಿಯಲ್ಲಿ ಯಂತ್ರದ ಪಾಲಿಶ್ ಹಾಕಿದ ಮೇಲೆ ಕಾಣುವುದು ಕಷ್ಟ. ಆದ್ದರಿಂದ ಹಳೆಯದನ್ನು ಕೊಳ್ಳುವವರು ಪಾಲಿಶ್ ಆಗದ ಪಾತ್ರೆಯನ್ನೇ ಕೇಳುವುದು ಜಾಣತನ. ಬೆರಳಿನಿಂದ ತಟ್ಟಿದರೆ ಗಟ್ಟಿ ಪಾತ್ರೆಯ ದನಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಒಡಕಿನದು ತಕ್ಷಣ ಸಾಯುತ್ತದೆ. ನೀರು ತುಂಬಿ ರಾತ್ರಿ ಹಳೆಯ ಪೇಪರಿನ ಮೇಲಿಟ್ಟರೆ ಬೆಳಿಗ್ಗೆ ಪೇಪರೇ ಹೇಳುತ್ತದೆ. ಅಯಸ್ಕಾಂತ ಅಂಟಿದರೆ ಅದು ಮುಲಾಮು ಹಾಕಿದ ಕಬ್ಬಿಣ.

ಹಸಿರು ಕಿಲುಬಿಗೆ ಹೆದರಬೇಕಿಲ್ಲ. ಸಾಂತೋಮ್ ಕಡೆಯ ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಅದು ಬಂದೇ ಬರುತ್ತದೆ, ತೊಳೆದರೆ ಹೋಗುತ್ತದೆ. ಹೆದರಬೇಕಾದದ್ದು ಉಜ್ಜಿದರೂ ಹೋಗದ ಕೆಂಪು ಮಚ್ಚೆಗೆ. ಉಪ್ಪುನೀರು ವರ್ಷಗಟ್ಟಲೆ ನಿಂತ ಕಡೆ ಸತು ಕರಗಿ ಹೊರಬಿದ್ದು ಬರೀ ತಾಮ್ರ ಜಾಳಾಗಿ ಉಳಿದಿರುತ್ತದೆ. ಇಲ್ಲಿನ ಬೋರ್ ನೀರು ತುಂಬಿಟ್ಟ ಹಂಡೆಗಳ ತಳದಲ್ಲಿ ಇದನ್ನು ಹುಡುಕಬೇಕು. ಮಚ್ಚೆ ಆಳವಾಗಿದ್ದರೆ ಬೆಸುಗೆಯೂ ನಿಲ್ಲದು, ತೂಕಕ್ಕೆ ಹಾಕುವುದೇ ಸರಿ. ಕಂಠದ ಸುತ್ತ ಬೂದು ಬಣ್ಣದ ಬೆಸುಗೆ ಇದ್ದರೆ ಅದರಲ್ಲಿ ಸೀಸ ಇರಬಹುದು. ಹೂ ಇಡಲು ಚೆನ್ನ, ಅಡುಗೆಗೆ ಬೇಡ.

ಇಟ್ಟುಕೊಳ್ಳುವ ಪಾತ್ರೆಯಲ್ಲಿ ಅಡುಗೆ ಮಾಡುವುದಾದರೆ ಕಲಾಯಿ ಬೇಕೇ ಬೇಕು. ಹುಳಿ, ಸಾರು ಬರೀ ಹಿತ್ತಾಳೆಯಲ್ಲಿ ಕೂಡದು ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ತವರ 232 ಡಿಗ್ರಿಗೆ ಕರಗುವುದರಿಂದ ಬರಿದಾದ ಕಲಾಯಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಕಲಾಯಿ ಹೋಯಿತು. ಇನ್ನೊಂದು ಮಾತು. ಕಲಾಯಿಗಾರರು ಉದುರಿಸುವ ನವಸಾಗರ ಅಮೋನಿಯಾದ ಉಪ್ಪೇ. ಕೆಲಸ ಮುಗಿದ ಮೇಲೆ ಅಂಚಿನ ಮಡಿಕೆಯಲ್ಲಿ ಉಳಿಯದಂತೆ ಎರಡು ಮೂರು ನೀರಿನಲ್ಲಿ ತೊಳೆದು ಒರೆಸಬೇಕು. ಹಿಂದೆ ಕೊಟ್ಟಿಗೆಯ ಮೂಲೆಯಲ್ಲಿ ಹಂಡೆ ಇಡುತ್ತಿದ್ದರು, ಈಗ ಬಚ್ಚಲಿನ ಮೇಲಿನ ಲಾಫ್ಟ್‌ನಲ್ಲಿ ಇಡುತ್ತಾರೆ. ಅಮೋನಿಯಾ ಇರುವ ಕ್ಲೀನರ್ ಬಳಸುವ ಮನೆಯಾದರೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಇಲ್ಲಿನ ಮಳೆಗೆ ಮುಂಚೆ ಒಣಗಿದ ಬಟ್ಟೆ ಸುತ್ತಿ, ಗಾಳಿಯಾಡುವ ಒಣ ಜಾಗಕ್ಕೆ ಬದಲಿಸಿದರೆ ಸಾಕು.

ಸೈನ್ಯದಲ್ಲಿದ್ದವರ ಮನೆಯ ಅಟ್ಟದಲ್ಲಿ ಪಾತ್ರೆಗಳ ನಡುವೆ ಹಳೆಯ ತೋಟಾ ಸಿಕ್ಕರೆ ಅದನ್ನು ಮಾತ್ರ ಗುಜರಿಗೆ ಹಾಕಬಾರದು. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ತೋಟಾದ ಭಾಗಗಳೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತವೆ. ಒಳಗೆ ಮದ್ದು ಉಳಿದಿದ್ದರೆ ಕುಲುಮೆಯ ಮುಂದೆ ಕೂತವನ ಗತಿ ಏನು? ಮುಟ್ಟದೆ ಹತ್ತಿರದ ಠಾಣೆಗೆ ತಿಳಿಸಿದರೆ ಅವರೇ ಬಂದು ಒಯ್ಯುತ್ತಾರೆ.